ಹಾರ್ಡನರ್ ಮಾರುವ ಮೊದಲು

ಹಿಂದೂಪುರದಲ್ಲಿ ಉಪ್ಪನ ಪೇಂಟ್ ಅಂಗಡಿ. ಕಳೆದ ತಿಂಗಳು ಕಲ್ಯಾಣದುರ್ಗದ ಗಿರಾಕಿಯೊಬ್ಬರ ಶೆಡ್‌ಗೆ ಹೋಗಿದ್ದೆ. ಹುಡುಗನೊಬ್ಬ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಟ್ರ್ಯಾಕ್ಟರ್ ಬಾನೆಟ್‌ಗೆ ಎನಾಮಲ್ ಸ್ಪ್ರೇ ಮಾಡುತ್ತಿದ್ದ. ಅದರಲ್ಲಿ ಬೆರೆಸಿದ್ದು ನಾವೇ ಮಾರಿದ ಹಾರ್ಡನರ್.

ಹಾರ್ಡನರ್ ಕೆಟ್ಟದ್ದೆಂದಲ್ಲ. ಬರೀ ಎನಾಮಲ್ ಗಾಳಿಯ ಆಮ್ಲಜನಕದಿಂದ ಪೂರ್ತಿ ಗಟ್ಟಿಯಾಗಲು ದಿನಗಟ್ಟಲೆ ಬೇಕು. ಇದನ್ನು ಹಾಕಿದರೆ ಬೇಗ ಗಟ್ಟಿಯಾಗುತ್ತದೆ, ಹೊಳಪು ನಿಲ್ಲುತ್ತದೆ, ಡೀಸೆಲ್ ಚೆಲ್ಲಿದರೂ ತಡೆದುಕೊಳ್ಳುತ್ತದೆ. ಆದರೆ ಅದರಲ್ಲಿರುವುದು ಐಸೋಸಯನೇಟ್. ಸ್ಪ್ರೇ ಮಾಡುವಾಗ ಉಸಿರಿನೊಳಗೆ ಹೋದರೆ ಆಸ್ತಮಾ ಬರಬಹುದು. ಬಂದವರಿಗೆ ಮುಂದೆ ಸ್ವಲ್ಪ ಸೋಕಿದರೂ ಉಬ್ಬಸ. ಕರವಸ್ತ್ರವಾಗಲಿ ಧೂಳಿನ ಮಾಸ್ಕ್ ಆಗಲಿ ತಡೆಯುವುದಿಲ್ಲ, ಪೈಪಿನಲ್ಲಿ ಶುದ್ಧ ಗಾಳಿ ಕೊಡುವ ಮುಖವಾಡ ಬೇಕು.

ಅದಿಲ್ಲದವರಿಗೆ ಮಾರುವುದು ಬೇಡ ಎಂದೆ.

“ನಾವು ಕೊಡದಿದ್ದರೆ ಪಕ್ಕದವ ಕೊಡ್ತಾನೆ ಮೋನೆ” ಎಂದರು ಉಪ್ಪ.

ನಿಜವೇ. ಆದರೂ ಆ ಶೆಡ್‌ಗೆ ಈಗ ಬರೀ ಎನಾಮಲ್, ಜೊತೆಗೆ ಥಿನ್ನರ್ ಆವಿಗೆಂದು ಕಾರ್ಬನ್ ಫಿಲ್ಟರಿನ ಮಾಸ್ಕ್ ಕಳಿಸುತ್ತಿದ್ದೇನೆ. ಟ್ರ್ಯಾಕ್ಟರ್ ಎರಡು ದಿನ ಹೆಚ್ಚು ಕಾಯಲಿ.