ವಾಷಿಂಗ್ಟನ್ ಅಂದ್ರೆ ಯಾರ ಮನೆ ಹೆಸರು ಸ್ವಾಮಿ?

ಮೊದಲೇ ಹೇಳಿಬಿಡ್ತೀನಿ, ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದ್ದೇ.

ಹೋದ ತಿಂಗಳು ನಮ್ಮ ಪ್ರಾಜೆಕ್ಟಿಗೆ ಅಮೆರಿಕದ ಕ್ಲೈಂಟ್ ಕಡೆಯಿಂದ ಹೊಸ ಟೆಸ್ಟ್ ಲೀಡ್ ಒಬ್ಬರು ಬಂದ್ರು. ಸರ್‌ನೇಮ್ ವಾಷಿಂಗ್ಟನ್. ಮೊದಲ ಕಾಲ್, ಎಲ್ಲರೂ ಸೇರೋವರೆಗೂ ಏನಾದ್ರೂ ಮಾತಾಡ್ಬೇಕಲ್ಲ... ನಾನು ಬಾಯಿ ಬಿಟ್ಟೆ. "ನೀವು ಜಾರ್ಜ್ ವಾಷಿಂಗ್ಟನ್ ವಂಶದವರಾ?" ಅಂತ. ಆಕೆ ಒಂದು ಕ್ಷಣ ಸುಮ್ಮನಿದ್ದು, ನಕ್ಕು, "ಅವರಿಗೆ ಮಕ್ಕಳೇ ಇರ್ಲಿಲ್ಲ" ಅಂದ್ರು. ಆಮೇಲೆ ಕ್ಯಾಮೆರಾ ಆನ್ ಮಾಡಿದ್ರು. ಕಪ್ಪು ಹೆಣ್ಣುಮಗಳು. ನಮ್ಮ ಮ್ಯಾನೇಜರ್ ಮ್ಯೂಟಿನಲ್ಲೇ ಹಣೆ ಹಣೆ ಚಚ್ಚಿಕೊಂಡಿದ್ದು ನನಗೆ ಸ್ಕ್ರೀನಿನಲ್ಲಿ ಕಾಣಿಸ್ತು.

ಅವತ್ತು ರಾತ್ರಿ ಮಾನ ಉಳಿಸಿಕೊಳ್ಳೋಣ ಅಂತ ಈ ಹೆಸರಿನ ಚರಿತ್ರೆ ಹುಡುಕಿದೆ. ಸರ್‌ನೇಮ್ ಚರಿತ್ರೆ ಹೇಳೋ ಪುಟಗಳಿಗೇನು ಬರ, ರಾಶಿ ರಾಶಿ ಇವೆ. ಎಲ್ಲದರಲ್ಲೂ ಒಂದೇ ಕಥೆ. ಇಂಗ್ಲೆಂಡಿನ ಹಳೇ ಊರು, ಕುದುರೆ ಮೇಲೊಬ್ಬ ನೈಟ್, ಅವನ ವಂಶ, ಹಡಗು, ಅಮೆರಿಕ, ಮೊದಲನೇ ಅಧ್ಯಕ್ಷ. ಶುಭಂ. ಕೆಳಗೆ ಒಂದು ಲಾಂಛನ, ಅದರ ಕೆಳಗೆ "ಈ ಲಾಂಛನ ಇರೋ ಮಗ್ ಕೊಂಡುಕೊಳ್ಳಿ". ಜಾರ್ಜ್ ಸತ್ತ 1799ಕ್ಕೇ ಆ ಹೆಸರೂ ಸತ್ತುಹೋಯ್ತೇನೋ ಅನ್ನೋ ಹಾಗೆ!

ಆ ಕಥೆ ಸುಳ್ಳೇನಲ್ಲ, ಅದನ್ನೂ ನ್ಯಾಯವಾಗಿ ಹೇಳ್ತೀನಿ. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಹಿಂದೆ ಡರ್ಹಮ್ ಕೌಂಟಿಗೆ ಸೇರಿದ್ದ ವಾಷಿಂಗ್ಟನ್ ಅನ್ನೋ ಊರಿದೆ. ಈಗ ಸಂಡರ್‌ಲ್ಯಾಂಡ್ ನಗರಾಡಳಿತಕ್ಕೆ ಸೇರಿದೆ. ಹ್ವಾಸ ಅನ್ನೋ ಹಳೇ ಇಂಗ್ಲಿಷ್ ಹೆಸರಿನವನ ಕಡೆಯವರ ಊರು ಅಂತ ಅರ್ಥ ಹೇಳ್ತಾರೆ. 12ನೇ ಶತಮಾನದ ಕೊನೆಯ ಭಾಗದಲ್ಲಿ ಹಾರ್ಟ್‌ಬರ್ನ್ ಅನ್ನೋ ಊರಿನ ವಿಲಿಯಂ ಅನ್ನೋನು ತನ್ನ ಅಲ್ಲಿನ ಜಮೀನನ್ನ ಡರ್ಹಮ್ ಬಿಷಪ್ಪನಿಗೆ ಬಿಟ್ಟುಕೊಟ್ಟು, ಬದಲಿಗೆ ಈ ಊರನ್ನ ತಗೊಂಡ. ಜಮೀನಿನ ಜೊತೆ ಹೆಸರೂ ಬದಲಾಯ್ತು, ಹಾರ್ಟ್‌ಬರ್ನಿನ ವಿಲಿಯಂ ಹೋಗಿ ವೆಸಿಂಗ್ಟನ್ನಿನ ವಿಲಿಯಂ ಆದ. ಈ ಸಾಲನ್ನ ನೆನಪಲ್ಲಿಟ್ಕೊಳ್ಳಿ, ಕೆಲಸಕ್ಕೆ ಬರತ್ತೆ.

ಅವನ ವಂಶದ ಒಂದು ಕವಲು ಲ್ಯಾಂಕಾಶೈರಿನ ವಾರ್ಟನ್ನಿಗೆ ಹೋಯ್ತು. ಅಲ್ಲಿಂದ ಲಾರೆನ್ಸ್ ಅನ್ನೋನು ನಾರ್ಥಾಂಪ್ಟನ್ನಿಗೆ ಬಂದು, ಉಣ್ಣೆ ವ್ಯಾಪಾರದಲ್ಲಿ ಕೈತುಂಬಾ ಮಾಡ್ಕೊಂಡು, ಮೇಯರ್ ಆಗಿ, 1539ರಲ್ಲಿ ಸಲ್‌ಗ್ರೇವ್ ಅನ್ನೋ ಊರಿನ ಜಮೀನು ಕೊಂಡ. ಎಂಟನೇ ಹೆನ್ರಿ ಮಠಗಳನ್ನ ಮುಚ್ಚಿಸಿ ಆಸ್ತಿ ಮಾರ್ತಿದ್ದ ಕಾಲ, ಇದೂ ಹಾಗೆ ಬಂದ ಮಠದ ಆಸ್ತಿಯೇ. ಅವನ ಮರಿಮಗ, ಅವನೂ ಲಾರೆನ್ಸ್, ಎಸೆಕ್ಸಿನಲ್ಲಿ ಪಾದ್ರಿಯಾಗಿದ್ದ. ಅಂತರ್ಯುದ್ಧದ ಗಲಾಟೆಯಲ್ಲಿ, 1643ರಲ್ಲಿ, ಪ್ಯೂರಿಟನ್ನರು ಅವನಿಗೆ ಕುಡುಕ ಅನ್ನೋ ಪಟ್ಟ ಕಟ್ಟಿ ಕೆಲಸದಿಂದ ತೆಗೆದುಹಾಕಿದ್ರು. ಮನೆ ಮುರುಕಾಯ್ತು. ಅವನ ಮಗ ಜಾನ್ ಹೊಗೆಸೊಪ್ಪಿನ ಹಡಗು ಹತ್ತಿ ವರ್ಜೀನಿಯಾಕ್ಕೆ ಹೋದ. ವಾಪಸ್ ಹೊರಡೋ ಹೊತ್ತಿಗೆ, 1657ರಲ್ಲಿ, ಆ ಹಡಗು ಪೊಟೊಮ್ಯಾಕ್ ನದಿಯಲ್ಲೇ ಕೆಟ್ಟು ಕೂತ್ಕೊಳ್ತು. ಅಲ್ಲೇ ಉಳಿದ, ಮದುವೆಯಾದ, ಜಮೀನ್ದಾರನಾದ. ಜಾನ್‌ನ ಮರಿಮಗನೇ 1732ರಲ್ಲಿ ಹುಟ್ಟಿದ ಜಾರ್ಜ್.

ಚೆಂದದ ಕಥೆ. ಆದ್ರೆ ಇದು ಒಂದು ಮನೆಯ ಕಥೆ ಸ್ವಾಮಿ, ಹೆಸರಿನ ಕಥೆ ಅಲ್ಲ. ಇಂಗ್ಲೆಂಡಿನ ದಕ್ಷಿಣದಲ್ಲಿ, ಸಸೆಕ್ಸಿನಲ್ಲಿ, ಇನ್ನೊಂದು ವಾಷಿಂಗ್ಟನ್ ಇದೆ. ಅಲ್ಲಿಂದ ಹೊರಬಿದ್ದು ಅದೇ ಹೆಸರು ಹೊತ್ತವನಿಗೂ ವಿಲಿಯಂಗೂ ಸಂಬಂಧವೇ ಬೇಕಿಲ್ಲ. ಮಗ್ಗಿನ ಮೇಲಿನ ಲಾಂಛನದ ಹಣೆಬರಹವೂ ಅಷ್ಟೇ. ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್, 1484ರಿಂದ ಲಾಂಛನದ ಲೆಕ್ಕ ಇಡ್ತಾ ಬಂದ ಸಂಸ್ಥೆ, ಸ್ಪಷ್ಟವಾಗಿ ಹೇಳತ್ತೆ: ಸರ್‌ನೇಮಿಗೆ ಲಾಂಛನ ಅಂತ ಇರೋದೇ ಇಲ್ಲ. ಒಬ್ಬ ವ್ಯಕ್ತಿಗೆ ಕೊಟ್ಟದ್ದು ಅವನ ಗಂಡುಸಂತಾನದ ಸಾಲಿಗೆ ಸೇರತ್ತೆ, ಅಷ್ಟೇ. ವಾಷಿಂಗ್ಟನ್ನರ ಎರಡು ಕೆಂಪು ಪಟ್ಟೆ ಮೂರು ಕೆಂಪು ನಕ್ಷತ್ರ ಇವತ್ತು ಅಮೆರಿಕದ ರಾಜಧಾನಿಯ ಬಾವುಟದಲ್ಲಿವೆ, 1938ರಿಂದ. ಮಗ್ಗಿನಲ್ಲಿದ್ರೆ ಅದು ಬರೀ ಮಗ್ಗು.

ಈಗ ಬನ್ನಿ ನಿಜವಾದ ತಕರಾರಿಗೆ. ಅಮೆರಿಕದ 2000ದ ಜನಗಣತಿಯಲ್ಲಿ ವಾಷಿಂಗ್ಟನ್ ಸರ್‌ನೇಮಿನವರು 1,63,036 ಜನ. ಅದರಲ್ಲಿ ನೂರಕ್ಕೆ 90 ಜನ ಕಪ್ಪು ಅಮೆರಿಕನ್ನರು. ತೊಂಬತ್ತು! ಹೆಸರೊಂದರ ಚರಿತ್ರೆ ಬರೀತೀನಿ ಅಂತ ಕೂತು, ಆ ಹೆಸರಿನವರಲ್ಲಿ ಹತ್ತರಲ್ಲಿ ಒಂಬತ್ತು ಜನರನ್ನ ಬಿಟ್ಟು ಬರೆದರೆ ಅದು ಚರಿತ್ರೆಯೇನ್ರೀ? ನಮ್ಮ ಟೀಮಿನಲ್ಲಿ ಹತ್ತರಲ್ಲಿ ಒಂದೇ ರೆಕಾರ್ಡ್ ತೋರಿಸೋ ರಿಪೋರ್ಟ್ ಕೊಟ್ರೆ ಬಗ್ ಅಂತ ವಾಪಸ್ ಕಳಿಸ್ತಾರೆ.

ಇವರ ಚರಿತ್ರೆ ಸಿಗಲ್ಲ ಅನ್ನೋದಕ್ಕೂ ಕಾರಣ ಕಾಗದದಲ್ಲೇ ಇದೆ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಹಾಳೆ. ಯಜಮಾನನ ಹೆಸರು, ಅದರ ಮುಂದೆ ಸಾಲಾಗಿ ವಯಸ್ಸು, ಗಂಡು ಅಥವಾ ಹೆಣ್ಣು, ಬಣ್ಣ. ಹೆಸರು ಬರೆಯೋ ಹಾಗೇ ಇಲ್ಲ. ಡೇಟಾಬೇಸ್ ಕೆಲಸ ಮಾಡಿದವರಿಗೆ ಗೊತ್ತು, ಕಾಲಂ ಮರೆತುಹೋಗೋದು ಬೇರೆ, ಬೇಡ ಅಂತ ಡಿಸೈನ್ ಮಾಡೋದು ಬೇರೆ. ಗುಲಾಮಗಿರಿ ಹೋದ ಮೇಲೆ, 1870ರ ಗಣತಿಯಲ್ಲೇ ಅವರೆಲ್ಲರ ಹೆಸರು ಮೊದಲ ಬಾರಿಗೆ ಬಿತ್ತು.

ಆದ್ರೆ ಅದಕ್ಕೂ ಹಿಂದಿನವರು ಯಾರೂ ಸಿಗೋದೇ ಇಲ್ಲ ಅಂತಲ್ಲ. ಹ್ಯಾರಿ ವಾಷಿಂಗ್ಟನ್ ಕೇಳಿದ್ದೀರಾ? ನಾನಂತೂ ಕೇಳಿರ್ಲಿಲ್ಲ. ಆಫ್ರಿಕಾದಲ್ಲಿ ಹುಟ್ಟಿದವನು. 1763ರಲ್ಲಿ ಜಾರ್ಜ್ ವಾಷಿಂಗ್ಟನ್ ಅವನನ್ನ ಕೊಂಡು, ದೊಡ್ಡ ಜವುಗುನೆಲ ಬರಿದು ಮಾಡೋ ಕೆಲಸಕ್ಕೆ ಹಾಕಿದ. ಆಮೇಲೆ ತನ್ನ ಮೌಂಟ್ ವರ್ನನ್ ತೋಟಕ್ಕೆ ತಂದ. 1771ರಲ್ಲಿ ಹ್ಯಾರಿ ಓಡಿಹೋದ, ಹಿಡಿದು ತಂದ್ರು. ಯಜಮಾನ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಯುದ್ಧಕ್ಕೆ ಹೋದಾಗ ಇವನು ಮತ್ತೆ ಓಡಿ, ನಮ್ಮ ಕಡೆ ಬಂದ್ರೆ ಬಿಡುಗಡೆ ಅಂದಿದ್ದ ಬ್ರಿಟಿಷರನ್ನ ಸೇರ್ಕೊಂಡ. ಅವನ ಸ್ವಾತಂತ್ರ್ಯಯುದ್ಧ ಅದು. 1783ರಲ್ಲಿ ಯುದ್ಧ ಮುಗಿದಾಗ, ಓಡಿಹೋದ ಗುಲಾಮರನ್ನ ವಾಪಸ್ ಕೊಡಿ ಅಂತ ಜಾರ್ಜ್ ಬ್ರಿಟಿಷ್ ದಂಡನಾಯಕ ಕಾರ್ಲ್‌ಟನ್‌ನನ್ನ ಖುದ್ದಾಗಿ ಕೇಳಿದ. ಅವನು ಒಪ್ಪಲಿಲ್ಲ. ನ್ಯೂಯಾರ್ಕಿನಿಂದ ಹಡಗು ಹತ್ತಿದ ಸುಮಾರು 3000 ಕಪ್ಪು ಜನರ ಪಟ್ಟಿ ಇವತ್ತಿಗೂ ಇದೆ. ಅದರಲ್ಲಿ ಹ್ಯಾರಿ ವಾಷಿಂಗ್ಟನ್, ವಯಸ್ಸು 43, ಮೊದಲು ಜನರಲ್ ವಾಷಿಂಗ್ಟನ್ನರ ಸೊತ್ತು ಅಂತ ಬರೆದಿದೆ.

ಅಲ್ಲಿಂದ ಕೆನಡಾದ ನೋವಾ ಸ್ಕೋಷಿಯಾ. ಚಳಿ, ಕಲ್ಲುನೆಲ, ಕೊಡ್ತೀವಿ ಅಂದ ಜಮೀನು ಹೆಚ್ಚಿನವರಿಗೆ ಸಿಗಲೇ ಇಲ್ಲ. 1792ರಲ್ಲಿ ಸುಮಾರು 1200 ಜನ 15 ಹಡಗುಗಳಲ್ಲಿ ಆಫ್ರಿಕಾದ ಸಿಯೆರಾ ಲಿಯೋನಿಗೆ ಹೊರಟ್ರು, ಹ್ಯಾರಿಯೂ ಅದರಲ್ಲಿದ್ದ. ಅಲ್ಲಿ ಆಡಳಿತ ನಡೆಸ್ತಿದ್ದ ಕಂಪನಿ ಜಮೀನಿಗೆ ತೆರಿಗೆ ಹಾಕ್ತು. ಜನ ಸಿಟ್ಟಾದ್ರು. 1800ರಲ್ಲಿ ದಂಗೆ ಆಯ್ತು, ದಂಗೆ ಅಡಗಿತು, ಹ್ಯಾರಿಯನ್ನ ನದಿಯಾಚೆ ಬುಲ್ಲಮ್ ತೀರಕ್ಕೆ ಗಡೀಪಾರು ಮಾಡಿದ್ರು. ತೆರಿಗೆಯ ಜಗಳದಿಂದ ಶುರುವಾದ ದಂಗೆಯಲ್ಲಿ ಗೆದ್ದ ವಾಷಿಂಗ್ಟನ್ ನೋಟಿನ ಮೇಲಿದ್ದಾನೆ. ಸೋತ ವಾಷಿಂಗ್ಟನ್ ಯಾವ ಮಗ್ಗಿನ ಮೇಲೂ ಇಲ್ಲ. ಡರ್ಹಮ್ಮಿನ ಹಳ್ಳಿಯ ಹೆಸರೊಂದು ಅಟ್ಲಾಂಟಿಕ್ ದಾಟಿ, ಕೆನಡಾ ಸುತ್ತಿ, ಆಫ್ರಿಕಾ ತಲುಪಿತ್ತು. ವಲಸೆಯ ಚರಿತ್ರೆ ಅಂದ್ರೆ ಇದಲ್ಲದೆ ಇನ್ಯಾವುದು?

ಇದನ್ನ ಹೇಳಿದ್ರೆ ಒಂದು ಸಿದ್ಧ ಉತ್ತರ ಬರತ್ತೆ, ನನ್ನ ರೂಮ್‌ಮೇಟ್ ಕೂಡ ಅದನ್ನೇ ಅಂದ: "ಅವರದ್ದು ಸ್ವಂತ ಹೆಸರಲ್ವಲ್ಲಾ ಗುರು, ಎರವಲು." ಹಂಗಾ? ವಿಲಿಯಂ ಮಾಡಿದ್ದೇನು ಮತ್ತೆ? ಮೂಲಪುರುಷನೇ ಹೆಸರು ಬದಲಾಯಿಸಿದವನು! ಅವನಿಗಿಂತ ಮುಂಚೆ ಇದ್ದದ್ದು ಊರಿನ ಹೆಸರು, ಅದನ್ನ ಜಮೀನಿನ ಜೊತೆ ಎತ್ಕೊಂಡ. ಬಿಷಪ್ಪನ ಜೊತೆ ಜಮೀನು ಅದಲುಬದಲು ಮಾಡಿ ತಗೊಂಡ್ರೆ ವಂಶ, ಬಿಡುಗಡೆಯಾದ ದಿನ ತಾನೇ ಆರಿಸಿ ತಗೊಂಡ್ರೆ ಎರವಲಾ? ಯಜಮಾನನ ಹೆಸರನ್ನ ಭಕ್ತಿಯಿಂದ ಇಟ್ಕೊಂಡ್ರು ಅನ್ನೋದೂ ಸಲೀಸು ಮಾತು. ಕೆಲವರಿಗೆ ಯಜಮಾನನ ಕಡೆಯಿಂದ ಬಂತು, ಕೆಲವರು ದೇಶದ ದೊಡ್ಡ ಹೆಸರು ಅಂತ ಆರಿಸಿದ್ರು, ಇನ್ನು ಎಷ್ಟೋ ಜನ ಗುಲಾಮಗಿರಿಯ ಕಾಲದಲ್ಲೇ ತಮ್ಮತಮ್ಮಲ್ಲಿ ಸರ್‌ನೇಮ್ ಇಟ್ಕೊಂಡಿದ್ರು, ಯಜಮಾನರ ಕಾಗದಕ್ಕೆ ಅದು ಬೇಕಿರ್ಲಿಲ್ಲ. ಜಾರ್ಜ್ ಉಯಿಲು ಬರೆದು ತನ್ನ 123 ಗುಲಾಮರಿಗೆ ಬಿಡುಗಡೆ ಕೊಟ್ಟದ್ದೂ ನಿಜ, ಅವನ ಹೆಂಡತಿಯೂ ಸತ್ತ ಮೇಲೆ ಜಾರಿಗೆ ಬರೋ ಹಾಗೆ.

ಬೂಕರ್ ಟಿ. ವಾಷಿಂಗ್ಟನ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾರೆ. 1856ರ ಸುಮಾರಿಗೆ ಗುಲಾಮರಾಗಿಯೇ ಹುಟ್ಟಿ, ಬಿಡುಗಡೆಯ ನಂತರ ಮೊದಲ ಬಾರಿ ಶಾಲೆಗೆ ಹೋದ ಹುಡುಗ. ಹಾಜರಿ ಕೂಗುವಾಗ ನೋಡ್ತಾರೆ, ಬೇರೆ ಮಕ್ಕಳಿಗೆಲ್ಲ ಎರಡೆರಡು ಹೆಸರು, ಇವರಿಗೆ ಬರೀ ಬೂಕರ್. ಸರದಿ ಬರೋದ್ರೊಳಗೆ ಯೋಚಿಸಿ, ಮೇಷ್ಟ್ರು ಕೇಳಿದ ತಕ್ಷಣ ಹುಟ್ಟಿದಾಗಿನಿಂದ ಅದೇ ಹೆಸರು ಇದ್ದವರ ಹಾಗೆ ಬೂಕರ್ ವಾಷಿಂಗ್ಟನ್ ಅಂದುಬಿಟ್ರು. ಮಲತಂದೆಯ ಮೊದಲ ಹೆಸರು ವಾಷಿಂಗ್ಟನ್.

ಇದನ್ನ ಓದಿ ನನಗೆ ನನ್ನ ವೀಸಾ ಅರ್ಜಿ ನೆನಪಾಯ್ತು. ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ನನ್ನ ಹೆಸರು, ನಮ್ಮಲ್ಲಿ ಎಷ್ಟೋ ಜನರ ಹಾಗೆ. ಲಾಸ್ಟ್ ನೇಮ್ ಅನ್ನೋ ಡಬ್ಬಿ ಖಾಲಿ ಬಿಟ್ರೆ ತೊಂದರೆ ಅಂತ ಏಜೆಂಟ್ ಹೆದರಿಸಿದ. ಐದು ನಿಮಿಷದಲ್ಲಿ ಅಪ್ಪನ ಹೆಸರು ನನ್ನ ವಂಶದ ಹೆಸರಾಗಿಹೋಯ್ತು. ನನ್ನ ಕಷ್ಟಕ್ಕೂ ಆ ಹುಡುಗನ ಕಷ್ಟಕ್ಕೂ ಹೋಲಿಕೆ ಮಾಡೋಷ್ಟು ಸೊಕ್ಕು ನನಗಿಲ್ಲ. ಫಾರಂ ಮುಂದೆ ಕೂತು ಸರ್‌ನೇಮ್ ಹುಟ್ಟಿಸಿಕೊಂಡವನು ನಾನೇ, ಇನ್ನೊಬ್ಬರ ಹೆಸರು ಕೇಳಿದ ಕೂಡಲೇ "ಯಾವ ವಂಶ" ಅಂತ ಕೇಳೋಕೆ ನಾಚಿಕೆ ಆಗ್ಬೇಕಿತ್ತು ಅಂತ ಅಷ್ಟೇ.

ಮೊನ್ನೆ ಕಾಲ್ ಮುಗಿಯೋ ಹೊತ್ತಿಗೆ ಆಕೆಯ ಹತ್ರ ತಪ್ಪಾಯ್ತು ಅಂತ ಹೇಳಿದೆ. ಬಿಡಿ, ಜೀವಮಾನವಿಡೀ ಕೇಳಿರೋ ಪ್ರಶ್ನೆ ಅಂದ್ರು. ಆಮೇಲೆ, ನಿನ್ನ ಲಾಸ್ಟ್ ನೇಮಿಗೆ ಏನರ್ಥ ಅಂತ ಕೇಳಿದ್ರು. ಮೇಲ್‌ನಲ್ಲಿ ಅದೇ ಮೊದಲು ಕಾಣೋದ್ರಿಂದ ಅವರು ಇಷ್ಟು ದಿನ ನನ್ನನ್ನ ಅದೇ ಹೆಸರಲ್ಲಿ ಕರೀತಿದ್ರು. ಅದು ನಮ್ಮಪ್ಪನ ಹೆಸರು ಅಂದೆ.

"ಅಯ್ಯೋ ದೇವರೇ, ಹಾಗಾದ್ರೆ ನಾನು ಒಂದು ತಿಂಗಳಿಂದ ನಿಮ್ಮಪ್ಪನಿಗೆ ಬಗ್ ಅಸೈನ್ ಮಾಡ್ತಾ ಇದ್ದೀನಾ?" ಅಂತ ನಕ್ರು :)