ಕಲ್ಲುಕಂಬಗಳ ದ್ವೀಪದಲ್ಲಿ ಒಂದು ದಿನ

ರಜೆ ಬಂದಿತೆಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ದೂರದ ಊರುಗಳ ಹೆಸರುಗಳು ಒಂದೊಂದಾಗಿ ಬಂದು, ಖರ್ಚಿನ ಲೆಕ್ಕ ಹಾಕಿದೊಡನೆ ಒಂದೊಂದಾಗಿ ಮರೆಯಾಗುತ್ತವೆ. ಕಾಸರಗೋಡಿನ ಕನ್ನಡ ಕುಟುಂಬಗಳು ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮರಳಬಹುದಾದ ಅಪೂರ್ವ ಸ್ಥಳವೊಂದನ್ನು ಈ ತಿಂಗಳು ವಾಚಕರಿಗೆ ಪರಿಚಯಿಸಬಯಸುತ್ತೇವೆ. ಅದು ಉಡುಪಿಯ ಮಲ್ಪೆಗೆ ಎದುರಾಗಿ ಪಡುಗಡಲಲ್ಲಿರುವ ಸೇಂಟ್ ಮೇರೀಸ್ ದ್ವೀಪ. ತೋನ್ಸೆಪಾರ್ ಎಂಬುದು ಅದರ ಇನ್ನೊಂದು ಹೆಸರು.

ಕಳೆದ ಕ್ರಿಸ್ಮಸ್ ರಜೆಯಲ್ಲಿ ನಾವು ಸಕುಟುಂಬರಾಗಿ ಅಲ್ಲಿಗೆ ಹೋಗಿದ್ದೆವು. ತಲಪಾಡಿಯಲ್ಲಿ ಗಡಿ ದಾಟಿ, ನೇತ್ರಾವತಿಯ ಸೇತುವೆಯನ್ನು ಹಾದು, ಉಡುಪಿಯ ಮೂಲಕ ಮಲ್ಪೆ ಬಂದರನ್ನು ಸೇರಿ ದೋಣಿಯೇರಿದೆವು. ದ್ವೀಪದಲ್ಲಿ ಜನವಸತಿಯಿಲ್ಲ. ಒಂದಷ್ಟು ತೆಂಗಿನ ಮರಗಳು, ಕಾಲಡಿಯಲ್ಲಿ ಕಪ್ಪೆಚಿಪ್ಪುಗಳ ರಾಶಿ; ಉಳಿದೆಲ್ಲವೂ ಕಲ್ಲು. ಆ ಕಲ್ಲಾದರೂ ಸಾಮಾನ್ಯದ್ದಲ್ಲ. ಶಿಲ್ಪಿಯು ಅಳತೆ ಹಿಡಿದು ಕಡೆದಂತೆ ಐದು, ಆರು, ಏಳು ಮುಖಗಳ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ.

ಸುಮಾರು 8.8 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾರಸ ಉಕ್ಕಿ ಹರಿಯಿತು. ಬೇಸಗೆಯಲ್ಲಿ ಗದ್ದೆಯ ಕೆಸರು ಒಣಗುತ್ತ ಬಿರಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಲಾವಾರಸವೂ ತಣಿಯುತ್ತ ಕುಗ್ಗಿ ಬಿರಿಯಿತು; ಬಿರುಕುಗಳು ಆಳಕ್ಕಿಳಿದಂತೆ ಕಂಬಗಳು ರೂಪುಗೊಂಡವು. ಆಫ್ರಿಕದ ಬಳಿಯಲ್ಲಿರುವ ಮಡಗಾಸ್ಕರ್ ದ್ವೀಪವು ಭಾರತದ ಭೂಭಾಗದಿಂದ ಬೇರ್ಪಟ್ಟ ಕಾಲವೂ ಅದೇ. ಇಂದು ನಡುವೆ ಸಾವಿರಾರು ಮೈಲು ಕಡಲಿದ್ದರೂ ಎರಡು ನೆಲಗಳ ಹಳೆಯ ನಂಟನ್ನು ವಿಜ್ಞಾನಿಗಳು ಇಂತಹ ಕಲ್ಲುಗಳಿಂದಲೇ ಓದುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಳಿದು ಮೇರಿ ಮಾತೆಯ ಹೆಸರಿಟ್ಟನೆಂಬುದು ಜನಜನಿತವಾದ ಐತಿಹ್ಯ.

ಮಧ್ಯಾಹ್ನದ ಹೊತ್ತಿಗೆ ಬಂಡೆಗಳ ಬುಡ ತೆರವಾಗಿ, ಕುಳಿಗಳಲ್ಲಿ ಸಣ್ಣ ಏಡಿಗಳು ಕಾಣಿಸಿಕೊಂಡವು. ಮೂರನೆಯ ತರಗತಿಯ ಮೊಮ್ಮಗನು ಅತ್ತ ಓಡಿದನು.

“ದೂರ ಹೋಗಬೇಡ ಪುಟ್ಟಾ, ಈಗ ಇಳಿತ. ಭರತ ಬಂದರೆ ಆ ಕಲ್ಲೆಲ್ಲ ಮುಳುಗುತ್ತದೆ” ಎಂದು ನಮ್ಮ ಮನೆಯವರು ಕೂಗಿದರು.

“ಭರತನೆಂದರೆ ರಾಮನ ತಮ್ಮನಲ್ಲವೇ ಅಜ್ಜೀ? ಅವನು ಇಲ್ಲಿಗೇಕೆ ಬರುತ್ತಾನೆ?” ಎಂದನು ಹುಡುಗ.

ಎಲ್ಲರೂ ನಕ್ಕೆವು. ಆದರೆ ಯೋಚಿಸಬೇಕಾದ ವಿಷಯವೂ ಅದರಲ್ಲಿದೆ. ಹುಡುಗ ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ, ಆಡುವುದು ಮಲಯಾಳ ಮಾತನಾಡುವ ಗೆಳೆಯರೊಡನೆ. ಆ ಎರಡು ಭಾಷೆಗಳೂ ಅವನಿಗೆ ಬೇಕು. ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಕಡಲ ಏರಿಳಿತಕ್ಕೆ ಕನ್ನಡದಲ್ಲಿ ಹೆಸರುಂಟೆಂಬುದನ್ನು ಅಜ್ಜಿ ಹೇಳದಿದ್ದರೆ ಅವನಿಗೆ ಹೇಳುವವರು ಯಾರು? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡ ಶಾಲೆಗಳಿಗಾಗಿ ನಮ್ಮ ಹಿರಿಯರು ಹೋರಾಡುತ್ತ ಬಂದಿದ್ದಾರೆ. ಶಾಲೆ ಉಳಿದೀತು, ಮನೆಯಲ್ಲಿ ಮಾತೇ ಬಡವಾದರೆ ಆ ಶಾಲೆಗೆ ಬರುವ ಮಕ್ಕಳೆಲ್ಲಿ?

ಹೋಗುವವರಿಗೆ ಕೆಲವು ಸೂಚನೆಗಳು. ಮಳೆಗಾಲದಲ್ಲಿ ದೋಣಿ ಸಂಚಾರವಿರುವುದಿಲ್ಲ; ಡಿಸೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಹಿತಕರ. ಪಾಚಿ ಹಿಡಿದ ಬಂಡೆಗಳು ಜಾರುತ್ತವೆ. ಅಲೆ ಬಡಿಯುವ ಅಂಚಿಗೆ ಮಕ್ಕಳನ್ನು ಬಿಡಲಾಗದು. ಕುಡಿಯುವ ನೀರು, ಬುತ್ತಿ, ತಲೆಗೆ ಟೊಪ್ಪಿ ಜೊತೆಗಿರಲಿ. ಚೂರು ಕಲ್ಲನ್ನೂ ತರಬಾರದು, ಕಾಗದದ ಚೂರನ್ನೂ ಅಲ್ಲಿ ಬಿಡಬಾರದು.

ಇನ್ನೊಂದು ಮಾತು. ಮರಳಿ ಬಂದ ಮೇಲೆ ಮಕ್ಕಳಿಂದ ಕಂಡದ್ದನ್ನು ಹತ್ತು ಸಾಲು ಕನ್ನಡದಲ್ಲಿ ಬರೆಯಿಸಿರಿ. ಕಾಗುಣಿತ ತಪ್ಪಿದರೆ ಗದರಬೇಡಿರಿ. ಗೊತ್ತಿಲ್ಲದ ಮಾತನ್ನು ಮನೆಯ ಹಿರಿಯರಲ್ಲಿ ಕೇಳಿ ತಿಳಿಯಲಿ. ಹಿರಿಯರಿಗೂ ಹೇಳಲು ಒಂದು ಅವಕಾಶ ಸಿಕ್ಕಂತಾಯಿತು.