ನಮ್ಮ ಗಡಿ ಹುಟ್ಟಿದ ನಡುಗಡ್ಡೆ

ದಸರೆಯ ರಜೆ ಸಮೀಪಿಸಿತೆಂದರೆ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗದ ಕಡೆಯ ನಮ್ಮ ಕನ್ನಡ ಕುಟುಂಬಗಳಲ್ಲಿ ಮೈಸೂರಿನ ಮಾತು ಆರಂಭವಾಗುತ್ತದೆ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಕನ್ನಂಬಾಡಿ ಇವುಗಳಿಗೆ ಒಂದೊಂದು ಹೊತ್ತನ್ನು ಮೀಸಲಿಟ್ಟು, ದಾರಿಯಲ್ಲಿರುವ ಶ್ರೀರಂಗಪಟ್ಟಣಕ್ಕೆ ಮಾತ್ರ ಎರಡು ಗಂಟೆ ಕೊಡುವುದು ವಾಡಿಕೆ. ರಂಗನಾಥನ ದರ್ಶನ, ಗಂಜಾಮಿನ ನಿಮಿಷಾಂಬೆಗೆ ಒಂದು ಕಾಯಿ, ಸಂಗಮದಲ್ಲಿ ಒಂದು ಮುಳುಗು, ಅಲ್ಲಿಗೆ ಮುಗಿಯಿತು. 2023ರಲ್ಲಿ ತೆರೆದ ಹೊಸ ಹೆದ್ದಾರಿ ಪಟ್ಟಣವನ್ನು ಬಳಸಿಕೊಂಡು ಹೋಗುವುದರಿಂದ ಇನ್ನು ಮುಂದೆ ಆ ಎರಡು ಗಂಟೆಯೂ ಉಳಿಯಲಾರದೇನೋ. ಬೇರೆಯವರು ಹೇಗಾದರೂ ಮಾಡಲಿ, ಗಡಿಯಾಚೆಯ ಕನ್ನಡಿಗರಾದ ನಾವು ಈ ನಡುಗಡ್ಡೆಗೆ ಒಂದು ಇಡೀ ದಿನವನ್ನು ಕೊಡತಕ್ಕದ್ದು. ನಾವು ಗಡಿಯಾಚೆಯವರಾಗುವುದಕ್ಕೆ ಮೊದಲ ಕಾರಣವಾದ ಸಂಗತಿಗಳು ನಡೆದದ್ದು ಇಲ್ಲಿಯೇ.

ಮೊದಲು ಸ್ಥಳದ ಸ್ವರೂಪವನ್ನು ಕಣ್ಣಿಗೆ ತಂದುಕೊಳ್ಳಬೇಕು. ಅದಕ್ಕೆ ಪಟ್ಟಣವನ್ನು ಹೊಗುವ ಮುನ್ನ ಕರಿಘಟ್ಟವನ್ನು ಹತ್ತುವುದು ಒಳ್ಳೆಯದು. ಬೆಟ್ಟದ ಮೇಲೆ ಶ್ರೀನಿವಾಸನ ಗುಡಿ, ಬುಡದಲ್ಲಿ ಕಾವೇರಿಯನ್ನು ಸೇರುವ ಲೋಕಪಾವನಿ. ಮೇಲಿಂದ ನೋಡಿದರೆ ಕಾವೇರಿ ಎರಡು ಕವಲಾಗಿ ಒಡೆದು, ಸುಮಾರು ಐದು ಕಿಲೋಮೀಟರ್ ಉದ್ದದ ನೆಲವನ್ನು ತಬ್ಬಿಕೊಂಡು, ಪೂರ್ವದ ತುದಿಯಲ್ಲಿ ಮತ್ತೆ ಒಂದಾಗುವುದು ಕಾಣುತ್ತದೆ. ಸುತ್ತ ಕಬ್ಬು ಬತ್ತದ ಹಸಿರು. ಪೆನ್ನೆ, ಜಯಮಂಗಲಿಗಳ ಒಣ ಮರಳನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ನದಿಯೆಂದರೆ ವರ್ಷವಿಡೀ ನೀರಿರುವುದು ಎಂಬುದೇ ಒಂದು ಹೊಸ ಪಾಠ.

ಇಂತಹ ನಡುಗಡ್ಡೆಗಳನ್ನು ರಂಗನಾಥನು ಆಯ್ದುಕೊಂಡಂತಿದೆ. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ಶ್ರೀರಂಗದಲ್ಲಿ ಅಂತ್ಯರಂಗ. ಮೂರೂ ಕಾವೇರಿಯ ನಡುಗಡ್ಡೆಗಳೇ. ಇಲ್ಲಿಯ ಗುಡಿಯನ್ನು ಗಂಗರ ಸಾಮಂತ ತಿರುಮಲಯ್ಯನು 894ರಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ. ಒಳಗಿನ ಎರಡು ಕಂಬಗಳ ಮೇಲೆ ವಿಷ್ಣುವಿನ 24 ರೂಪಗಳಿವೆ. ದರ್ಶನದ ಸಾಲಿನಲ್ಲಿ ನೂಕಿಸಿಕೊಂಡು ಬರುವವರು ಅವನ್ನು ನೋಡುವುದೇ ಇಲ್ಲ.

ನಮ್ಮ ಪೆನುಕೊಂಡೆಗೂ ಈ ಊರಿಗೂ ಅಣ್ಣತಮ್ಮಂದಿರ ನಂಟು. ತಾಳಿಕೋಟೆಯ ಯುದ್ಧ (1565) ವಿಜಯನಗರವನ್ನು ಹಾಳುಗೆಡವಿದ ತರುವಾಯ ಅರವೀಡು ತಿರುಮಲರಾಯನು ಪೆನುಕೊಂಡೆಯಿಂದ ಆಳಿದನಷ್ಟೆ. ಅವನು ರಾಜ್ಯವನ್ನು ಮೂವರು ಮಕ್ಕಳ ನಡುವೆ ಭಾಷಾಸೀಮೆಗಳಂತೆ ವಹಿಸಿಕೊಟ್ಟನು. ಪೆನುಕೊಂಡೆಯಲ್ಲಿ ತೆಲುಗು ಸೀಮೆಗೆ ಶ್ರೀರಂಗ, ಶ್ರೀರಂಗಪಟ್ಟಣದಲ್ಲಿ ಕನ್ನಡ ಸೀಮೆಗೆ ರಾಮ, ಚಂದ್ರಗಿರಿಯಲ್ಲಿ ತಮಿಳು ಸೀಮೆಗೆ ವೆಂಕಟಪತಿ. ಭಾಷಾವಾರು ಪ್ರಾಂತಗಳ ಕಲ್ಪನೆ ಇಪ್ಪತ್ತನೆಯ ಶತಮಾನದ್ದೆಂದು ತಿಳಿದವರು ಇದನ್ನು ಗಮನಿಸಬೇಕು. ರಾಮನ ಮಗ ತಿರುಮಲನಿಂದ 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದರು. ಅಲ್ಲಿಂದ 1799ರವರೆಗೆ ಅದೇ ಮೈಸೂರಿನ ರಾಜಧಾನಿ.

ಇನ್ನೊಂದು ನಂಟು ಅಷ್ಟು ಸುಖಕರವಾದುದಲ್ಲ. ಗುತ್ತಿಯ ಮುರಾರಿರಾಯನು ನಮ್ಮ ಕಡೆಯಲ್ಲೆಲ್ಲ ಹೆಸರಾದ ಮರಾಠ ಸರದಾರ. ಹೈದರಾಲಿಯು 1776ರಲ್ಲಿ ಗುತ್ತಿಯ ದುರ್ಗವನ್ನು ಹಿಡಿದಾಗ ಅವನನ್ನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಆಮೇಲೆ ಕಬ್ಬಾಳದುರ್ಗಕ್ಕೆ ಕಳುಹಿಸಲ್ಪಟ್ಟ ಅವನು ಅಲ್ಲಿಯೇ ಕಣ್ಣುಮುಚ್ಚಿದನು.

ಈಗ ಕೋಟೆಯೊಳಕ್ಕೆ ಬರೋಣ. ರೈಲುಹಳಿಯೇ ಕೋಟೆಯನ್ನು ಸೀಳಿಕೊಂಡು ಹೋಗಿದೆ. ಹಳಿಯನ್ನು ಜೋಡಿಯಾಗಿಸುವಾಗ ಅಡ್ಡವಿದ್ದ ಟಿಪ್ಪುವಿನ ಮದ್ದಿನ ಮನೆಯನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಸರಿಸಿದರು. ಬೇರೆ ಊರುಗಳಲ್ಲಿಯೂ ಇಂತಹ ಬುದ್ಧಿ ಬಂದಿದ್ದರೆ ಎಷ್ಟೋ ಶಾಸನಗಳು ಸೇತುವೆಯ ಕಲ್ಲಾಗುತ್ತಿರಲಿಲ್ಲ. ನದಿಯ ಬದಿಯಲ್ಲಿ ಕರ್ನಲ್ ಬೇಲಿಯ ಹೆಸರಿನ ಸೆರೆಮನೆಯಿದೆ. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೋತು ಸೆರೆಸಿಕ್ಕಿದ ಬೇಲಿ ಶ್ರೀರಂಗಪಟ್ಟಣದಲ್ಲಿಯೇ 1782ರಲ್ಲಿ ಸತ್ತನು. ಅದೇ ಯುದ್ಧದಲ್ಲಿ ಸಿಕ್ಕಿ, ಈ ಊರಿನಲ್ಲಿಯೇ ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದ ಬೇರ್ಡ್ ಎಂಬವನೇ 1799ರ ಮೇ 4ರ ಮಧ್ಯಾಹ್ನ ಒಡೆದ ಗೋಡೆಯ ಮೂಲಕ ನುಗ್ಗಿದ ಸೈನ್ಯದ ನಾಯಕನಾದನು. ಗೋಡೆ ಒಡೆದ ಎಡೆಯಲ್ಲಿ 1907ರಲ್ಲಿ ನಿಲ್ಲಿಸಿದ ಸ್ತಂಭವಿದೆ. ಟಿಪ್ಪುವಿನ ದೇಹ ದೊರೆತ ಸ್ಥಳದಲ್ಲಿ ಒಂದು ಸಾಧಾರಣ ಕಲ್ಲು. ಸ್ತಂಭದಿಂದ ಕಲ್ಲಿನವರೆಗೆ ಮಕ್ಕಳನ್ನು ನಡೆಸಿಕೊಂಡೇ ಹೋಗಬೇಕು. ವಾಹನದಲ್ಲಿ ಹೋದರೆ ಆ ದಿನದ ಯುದ್ಧ ಎಷ್ಟು ಸಣ್ಣ ಜಾಗದಲ್ಲಿ ತೀರ್ಮಾನವಾಯಿತೆಂಬುದು ತಿಳಿಯುವುದಿಲ್ಲ.

ನಮ್ಮ ಕಥೆ ಇರುವುದು ಇದರ ಮುಂದಿನ ಏಳು ವಾರಗಳಲ್ಲಿ. ಗೆದ್ದ ಮೈಸೂರನ್ನು ಹಂಚಲು ಕಂಪನಿಯವರು ಒಂದು ಆಯೋಗವನ್ನು ನೇಮಿಸಿದರು. 1799ರ ಜೂನ್ 22ರ ಒಪ್ಪಂದದಂತೆ ಮಧ್ಯದ ಭಾಗ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ, ಕರಾವಳಿಯ ಕೆನರಾ ಮುಂತಾದುವು ಕಂಪನಿಗೂ, ಉತ್ತರ ಹಾಗೂ ಈಶಾನ್ಯದ ಸೀಮೆಗಳು ಹೈದರಾಬಾದಿನ ನಿಜಾಮನಿಗೂ ಹೋದವು. ಹಂಚಿಕೆಗೆ ಆಧಾರವಾದುದು ಯಾವ ಸೀಮೆಯ ಕಂದಾಯ ಎಷ್ಟು ಕಂಠೀರವ ವರಹ ಎಂಬ ಪಟ್ಟಿ. ಯಾವ ಊರಿನಲ್ಲಿ ತಾಯಿ ಮಗುವಿಗೆ ಯಾವ ನುಡಿಯಲ್ಲಿ ಜೋಗುಳ ಹಾಡುತ್ತಾಳೆಂಬುದು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ನಿಜಾಮನು 1792ರಲ್ಲಿಯೂ 1799ರಲ್ಲಿಯೂ ಪಡೆದ ಈ ನಾಡನ್ನು 1800ರ ಅಕ್ಟೋಬರಿನಲ್ಲಿ ತನ್ನ ಬಳಿ ಇರಿಸಿಕೊಂಡಿದ್ದ ಕಂಪನಿ ಸೇನೆಯ ವೆಚ್ಚಕ್ಕೆ ಬದಲಾಗಿ ಕಂಪನಿಗೇ ಬಿಟ್ಟುಕೊಟ್ಟನು. ದತ್ತಮಂಡಲವೆಂಬ ಹೆಸರು ಬಂದದ್ದು ಹೀಗೆ. ಸಿಪಾಯಿಗಳ ಸಂಬಳದ ಲೆಕ್ಕದಲ್ಲಿ ನಮ್ಮ ಅಜ್ಜಂದಿರು ಮದರಾಸಿನವರಾದರು.

ಹಂಚಿಕೆಯ ಆಯೋಗಕ್ಕೆ ಇಬ್ಬರು ಕಾರ್ಯದರ್ಶಿಗಳಿದ್ದರು. ಒಬ್ಬನು ಮಾಲ್ಕಂ, ಇನ್ನೊಬ್ಬನು ಕ್ಯಾಪ್ಟನ್ ಥಾಮಸ್ ಮನ್ರೋ. ಅದೇ ಮನ್ರೋ ಮೊದಲು ಕೆನರಾಕ್ಕೂ, ಬಳಿಕ 1800ರಿಂದ 1807ರವರೆಗೆ ದತ್ತಮಂಡಲಕ್ಕೂ ಕಲೆಕ್ಟರನಾಗಿ ಬಂದನು. ಅನಂತಪುರದಲ್ಲಿ ಕುಳಿತು ರೈತವಾರಿ ಕಂದಾಯವನ್ನು ಜಾರಿಗೆ ತಂದನು. ನಮ್ಮ ಕಡೆಯ ರೈತರು ಮಕ್ಕಳಿಗೆ ಅವನ ಹೆಸರಿಡುವಷ್ಟು ಅವನನ್ನು ಮೆಚ್ಚಿದರು. 1827ರಲ್ಲಿ ಪತ್ತಿಕೊಂಡದಲ್ಲಿ ಅವನು ತೀರಿಕೊಂಡನು. ಅವನು ಒಳ್ಳೆಯ ಆಡಳಿತಗಾರನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನಮ್ಮನ್ನು ಮೈಸೂರಿನಿಂದ ಬೇರ್ಪಡಿಸಿದ ಕಾಗದಪತ್ರಗಳೂ ಅವನ ಕೈಯಿಂದಲೇ ಹಾದುಹೋದವೆಂಬುದನ್ನು ಮಕ್ಕಳಿಗೆ ಹೇಳಬೇಡವೆ?

ಅಂದಿನ ಗೆರೆಯ ಮೇಲೆಯೇ ಮುಂದಿನ ಗೆರೆಗಳು ಬಿದ್ದವು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯಿತು. 1953ರಲ್ಲಿ ಆಂಧ್ರರಾಜ್ಯವಾದಾಗ ಅದು ಆ ಕಡೆಗೆ ಹೋಯಿತು. ಬಳ್ಳಾರಿಯ ರಾಯದುರ್ಗವೂ ಅದರೊಡನೆ ಸೇರಿತು. ಕೆನರಾದ ದಕ್ಷಿಣದ ತುದಿ ಕಾಸರಗೋಡು 1956ರಲ್ಲಿ ಕೇರಳದ್ದಾಯಿತು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಭೂಪಟದಲ್ಲಿ ಪಾವಗಡವನ್ನು ನೋಡಿ: ತುಮಕೂರು ಜಿಲ್ಲೆಯ ತಾಲ್ಲೂಕು, ಸುತ್ತಲೂ ಬಹುಪಾಲು ಆಂಧ್ರ. ಮಡಕಶಿರವಾದರೋ ಕನ್ನಡನಾಡಿನೊಳಕ್ಕೆ ಚಾಚಿದ ನಾಲಗೆ. ಇಂತಹ ಓರೆಕೋರೆಗಳು ಬಹುಮಟ್ಟಿಗೆ ಆ ವರಹದ ಲೆಕ್ಕದ ಉಳಿಕೆ.

ಇಷ್ಟನ್ನು ತಿಳಿದು ದರಿಯಾ ದೌಲತ್ತಿಗೆ ಹೋದರೆ ಅಲ್ಲಿಯ ಗೋಡೆಗಳು ಬೇರೆಯಾಗಿಯೇ ಕಾಣುತ್ತವೆ. 1784ರಲ್ಲಿ ತೇಗದ ಮರದಿಂದ ಕಟ್ಟಿಸಿದ ಈ ಬೇಸಗೆಯ ಅರಮನೆಯಲ್ಲಿ ಪೊಳ್ಳಿಲೂರಿನ ಯುದ್ಧದ ದೊಡ್ಡ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕುಳಿತ ಬೇಲಿಯನ್ನು ಮಕ್ಕಳು ತಾವೇ ಹುಡುಕಲಿ. ಗೆದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ವಾಸಮಾಡಿದ್ದೂ ಈ ಮನೆಯಲ್ಲಿಯೇ. ಸ್ವಲ್ಪ ಮುಂದೆ ಗುಂಬಜ್. ಹೈದರ್, ಅವನ ಪತ್ನಿ, ಟಿಪ್ಪು ಮೂವರ ಸಮಾಧಿಗಳೂ ಒಂದೆಡೆ. ಹೊರಗಿನ 36 ಕಪ್ಪು ಕಂಬಗಳ ನುಣುಪನ್ನು ಕೈಯಿಂದ ಮುಟ್ಟಿ ನೋಡಬಹುದು. ಕಾವೇರಿಯ ಮೇಲೆ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಇಂಜಿನಿಯರಿಂಗ್ ಓದುವ ಹುಡುಗರಿಗೆ ಒಳ್ಳೆಯ ಪಾಠ. ಕಲ್ಲಿನ ಕಂಬ, ಕಲ್ಲಿನ ತೊಲೆ, ಇಷ್ಟರಿಂದಲೇ ಅದು ಎಷ್ಟೋ ಪ್ರವಾಹಗಳನ್ನು ಕಂಡಿದೆ.

ಫಲಕಗಳು ಎಲ್ಲೆಡೆಯೂ ಕನ್ನಡದಲ್ಲಿವೆ. ತೆಲುಗು ಇಲ್ಲವೆ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಂದ ಅವನ್ನು ಗಟ್ಟಿಯಾಗಿ ಓದಿಸಬೇಕು. ಮನೆಯಲ್ಲಿ ಆಡುವ ಭಾಷೆ ಕಲ್ಲಿನ ಮೇಲೂ ಇದೆಯೆಂದು ಕಂಡಾಗ ಮಕ್ಕಳ ಮುಖ ಅರಳುವುದನ್ನು ಶಾಲೆಯ ಪ್ರವಾಸಗಳಲ್ಲಿ ನೋಡಿದ್ದೇನೆ. ತಡವರಿಸಿದರೆ ಗದರಬಾರದು.

ಸಂಗಮದಲ್ಲಿ ನೀರು ಶಾಂತವಾಗಿ ಕಂಡರೂ ಒಳಸೆಳೆತ ಬಲವಾದುದು. ದಡದ ಮೆಟ್ಟಿಲು ಬಿಟ್ಟು ಮುಂದೆ ಹೋಗಬಾರದು. ಸಂಜೆಯನ್ನು ಪಟ್ಟಣದ ಪಶ್ಚಿಮಕ್ಕೆ ಮೂರು ನಾಲ್ಕು ಕಿಲೋಮೀಟರ್ ದೂರದ ರಂಗನತಿಟ್ಟಿಗೆ ಉಳಿಸಿಕೊಳ್ಳಿ. ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಅಣೆಕಟ್ಟೆಯಿಂದ ಹೊಳೆಯ ನಡುವೆ ಉಂಟಾದ ಸಣ್ಣ ತಿಟ್ಟುಗಳಿವು. ಪಕ್ಷಿವಿಜ್ಞಾನಿ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೆಂಬ ಮನ್ನಣೆಯೂ ದೊರೆಯಿತು. ದೋಣಿಯಲ್ಲಿ ಕುಳಿತರೆ ಹೆಜ್ಜಾರ್ಲೆ, ಚಮಚದ ಕೊಕ್ಕಿನ ಹಕ್ಕಿ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಎಲ್ಲವೂ ಹತ್ತಿರದಲ್ಲಿಯೇ. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ದೋಣಿ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಹೋಗುವವರು ವಿಚಾರಿಸಿಕೊಂಡು ಹೊರಡುವುದು ಲೇಸು.

ಅಲ್ಲಿ ಹಳದಿ ಕೊಕ್ಕು, ರೆಕ್ಕೆಯಲ್ಲಿ ಗುಲಾಬಿ ಬಣ್ಣದ ಬಣ್ಣದಕೊಕ್ಕರೆಗಳನ್ನು ಕಂಡಾಗ ಹಿಂದೂಪುರದವರು ಗುರುತು ಹಿಡಿಯದೆ ಇರಲಾರರು. ಚಿಲಮತ್ತೂರಿನ ಬಳಿಯ ವೀರಾಪುರದ ಹುಣಸೆಮರಗಳಲ್ಲಿ ಗೂಡು ಕಟ್ಟುವುದು ಇದೇ ಹಕ್ಕಿ. ಅದನ್ನು ಸೈಬೀರಿಯಾದಿಂದ ಬಂದುದೆಂದು ನಮ್ಮಲ್ಲಿ ಹೇಳುವುದುಂಟು. ಹಾಗಲ್ಲ, ಅದು ನಮ್ಮ ದೇಶದ್ದೇ. ನೀರು ಮೀನುಗಳಿರುವ ಕೆರೆಯನ್ನು ಅರಸಿ ಹೋಗುತ್ತದೆ, ಬರುತ್ತದೆ. ಮೈಸೂರಿನವರೆಗೆ ಪ್ರಯಾಣ ಮಾಡಲಾಗದ ಹಿರಿಯರನ್ನು ಮಾಘ ಫಾಲ್ಗುಣದಲ್ಲಿ ಒಂದು ಬೆಳಗ್ಗೆ ವೀರಾಪುರಕ್ಕಾದರೂ ಕರೆದುಕೊಂಡು ಹೋಗಿ. ಮರದ ಕೆಳಗೆ ನಿಂತರೆ ಗೂಡಿನಲ್ಲಿ ಮರಿಗಳು ಕೂಗುವುದು ಕೇಳುತ್ತದೆ.